ನಿನ್ನ ಮಾತಿಗೆ ನಾನು ಸೇರಿಸಿದ ಹಕಾರ

ಬಾಗೂರಿನ ಸೋದರಮಾವನಿಗೆ ಬರೆಯುವ ಅಳಿಯನ ಸೆಲ್ಯೂಟ್. ಕೈ ಇಟ್ಟ ಕೋನ ತಪ್ಪಿದ್ದರೆ ಬೈಯಬೇಡ, ಸಿನಿಮಾ ನೋಡಿ ಕಲಿತದ್ದು.

ನೀನು ತೀರಿಹೋಗಿ ಮೂರು ವರ್ಷವಾಯಿತು. ಇಷ್ಟು ದಿನ ಸುಮ್ಮನಿದ್ದವನು ಈಗ ಯಾಕೆ ಕಾಗದ ಬರೀತಾನೆ ಎಂದು ಹುಬ್ಬು ಗಂಟಿಕ್ಕುತ್ತೀಯ, ಬಲ್ಲೆ. ನೀನು ಅನುಮಾನಿಸದೆ ಬಿಟ್ಟ ವಸ್ತು ಈ ಭೂಮಿಯ ಮೇಲೆ ಯಾವುದಿತ್ತು? ಆದರೆ ಈ ಸಲ ಅನುಮಾನಕ್ಕೆ ನಾನೇ ಅರ್ಹ. ಒಂದು ತಪ್ಪೊಪ್ಪಿಗೆಯಿದೆ, ಒಂದು ಸುದ್ದಿಯಿದೆ. ತಪ್ಪು ಒಂದೇ ಒಂದು ಅಕ್ಷರದ್ದು.

ಹಾಸನದ ಟಾಕೀಸಿನಲ್ಲಿ ನಾವಿಬ್ಬರೂ ನೋಡಿದ ಆ ಯುದ್ಧದ ಸಿನಿಮಾ ನೆನಪಿದೆಯಾ? ನಾಯಕನ ಎದೆಗೆ ಮೂರು ಗುಂಡು ಹೊಕ್ಕಿದ್ದವು. ಆದರೂ ಆ ಮಹಾನುಭಾವ ಬಾವುಟ ನೆಟ್ಟು, ತಾಯಿಯನ್ನು ನೆನೆದು, ಎರಡು ಚರಣದ ಹಾಡು ಪೂರೈಸಿ, ಆಮೇಲೆ ಕ್ರಮಪ್ರಕಾರ ಸತ್ತ. ಇಡೀ ಟಾಕೀಸು ಮೂಗು ಸೀಟುತ್ತಿತ್ತು. ನೀನು ಮಾತ್ರ ನನ್ನ ಕಡೆ ಬಗ್ಗಿ, “ಲೇ, ಬೆಳಗಿಂದ ಗುಂಡು ಆರುಸ್ತಾವ್ರೆ, ಒಬ್ನಾರ ಒಂದ್ಕಿತ ಉಚ್ಚೆಗ್ ಓದ್ನೇನ್ಲಾ?” ಎಂದೆ. ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿದಳು. ನಿನಗೇನು ಲೆಕ್ಕ? “ಬೂಟ್ ನೋಡು, ಒಸಾದು. ಮಣ್ಣೇ ಅಂಟಿಲ್ಲ” ಎಂದು ಇನ್ನೊಂದು ಸೇರಿಸಿದೆ.

ಪುಸ್ತಕಗಳಿಗೂ ನಿನ್ನ ದರಬಾರಿನಲ್ಲಿ ರಿಯಾಯಿತಿ ಇರಲಿಲ್ಲ. ಚನ್ನರಾಯಪಟ್ಟಣದ ಲೈಬ್ರರಿಯಿಂದ ತಂದ ಒಂದು ಕಾದಂಬರಿಯನ್ನು ನಿನಗೆ ಓದಿ ಹೇಳಿದೆ. ಅದರಲ್ಲಿ ಯೋಧನೊಬ್ಬ ಬಂಕರಿನಲ್ಲಿ ಕೂತು ಹೆಂಡತಿಗೆ ಹದಿನಾಲ್ಕು ಪುಟದ ಪತ್ರ ಬರೆಯುತ್ತಾನೆ, ಚಂದ್ರನ ಮೇಲೆಯೇ ನಾಲ್ಕು ಪುಟ. “ನಾ ಬರೆದ ಕಾಗ್ದದಲ್ಲೆಲ್ಲ ಅಸ ಈಯ್ತಾ, ಕರ ಎಣ್ಣಾ ಗಂಡಾ, ಅಷ್ಟೇ ಇದ್ದಿದ್ದು. ಇವ್ನಿಗ್ಯಾರ್ಲಾ ಇಷ್ಟೊಂದ್ ಕಾಗ್ದ ಕೊಟ್ಟೋರು? ಸ್ಟೋರ್‌ಕೀಪ್ರು ಇವ್ನ ಬಾಮೈದ್ನಾ?” ಎಂದೆ ನೀನು. ಹಾಗಾದರೆ ಯುದ್ಧ ಅಂದರೆ ಏನು ಮಾವ ಎಂದು ಕೇಳಿದ್ದಕ್ಕೆ, “ಕಾಯೋದು ಕಣ್ಲಾ. ಅದನ್ನ ತೋರ್ಸುದ್ರೆ ಜನ ಎದ್ದೋಯ್ತಾರೆ” ಎಂದು ಬೀಡಿ ಹಚ್ಚಿದೆ.

ಊರಿನವರು ನಿನ್ನನ್ನೂ ಬಿಟ್ಟಿರಲಿಲ್ಲ ಬಿಡು. ‘ಮಿಲ್ಟ್ರಿ ಸಿದ್ದಣ್ಣನ ಮನೆ’ ಎಂದರೆ ಹೊಸಬರು ಮುದ್ದೆ-ಮಾಂಸದ ಹೋಟೆಲೆಂದು ತಿಳಿದು ಜಗಲಿ ಹತ್ತಿ ಕೂರುತ್ತಿದ್ದರು. ಎಪ್ಪತ್ತೊಂದರ ಯುದ್ಧಕ್ಕೆ ಹೋಗಿಬಂದವನು ಒಂದು ಕತೆಯನ್ನೂ ಹೇಳುವುದಿಲ್ಲವೆಂದರೆ ಯಾರಿಗೆ ತಾನೆ ಅನುಮಾನ ಬರುವುದಿಲ್ಲ? “ಅಡುಗೆನೇ ಮಾಡಿರ್ಬೇಕು. ಈರುಳ್ಳಿ ಎಚ್ಚೋ ಸ್ಪೀಡ್ ನೋಡು” ಎಂದು ನಿನ್ನ ಹೆಂಡತಿಯೇ ನಗುತ್ತಿದ್ದಳು. ನನಗೂ ಅದೇ ಅನುಮಾನವಿತ್ತು, ಈಗ ಹೇಳುತ್ತೇನೆ.

ಕಾರ್ಗಿಲ್ ಯುದ್ಧದ ವರ್ಷ ನಮ್ಮ ವಾರಪತ್ರಿಕೆಯ ಸಂಪಾದಕರು ಕರೆದು, “ನಿಮ್ಮ ಹಾಸ್ಯಕ್ಕೆ ಒಂದು ವಾರ ರಜೆ ಕೊಡಿ. ಎಲ್ಲಿಂದಾದರೂ ಒಬ್ಬ ವೀರನನ್ನು ಹಿಡ್ಕೊಂಡು ಬನ್ನಿ” ಎಂದರು. ನಾನು ನೋಟ್‌ಬುಕ್ಕು ಹಿಡಿದು ಬಾಗೂರಿಗೆ ಬಂದೆ. ನೀನು ನಿನ್ನ ಜೊತೆಯಲ್ಲಿದ್ದ ಅರಕಲಗೂಡು ಕಡೆಯ ನಂಜೇಗೌಡನ ಹೆಸರೆತ್ತಿದೆ. “ನಂಜ ಆ ಗುಡ್ಡ ಅತ್ತಿದ್ದ. ವಾಪಸ್ ಬರ್ನಿಲ್ಲ. ಆಮೇಕೆ ನಾನು ಅತ್ತಿದ್ದೆ ಕಣ್ಲಾ, ಒತ್ತು ಮುಳುಗೋಗಂಟ.” ಅಷ್ಟೇ. ಎದ್ದು ಹಸುವಿಗೆ ಹುಲ್ಲು ಹಾಕಲು ಹೋದೆ.

ನಿನ್ನ ಬಾಯಲ್ಲಿ ಹಕಾರ ಹುಟ್ಟುವುದಿಲ್ಲ. ಹಾಲು ಆಲು, ಹಸು ಅಸ, ಹೈದ ಐದ, ಹಾಸನವೋ ಆಸನ. ನಾನು ಕನ್ನಡ ಎಂ.ಎ. ಜನ ಉದುರಿಸಿದ ಹಕಾರಗಳನ್ನು ಹೆಕ್ಕಿ ಅವುಗಳ ಪೀಠದಲ್ಲಿ ಕೂರಿಸುವುದು ನನ್ನ ಪರಮ ಕರ್ತವ್ಯ. ನಂಜೇಗೌಡನ ‘ಅತ್ತಿದ್ದ’ವನ್ನು ‘ಹತ್ತಿದ್ದ’ ಮಾಡಿದೆ. ಅದೇ ಕೈಯಲ್ಲಿ ನಿನ್ನದನ್ನೂ ‘ಹತ್ತಿದ್ದೆ’ ಮಾಡಿದೆ. ಗುಡ್ಡ ಎಂದಮೇಲೆ ಹತ್ತದೆ ಇನ್ನೇನು ಮಾಡುತ್ತಾರೆ?

ಒಮ್ಮೆ ಹತ್ತಿಸಿದ ಮೇಲೆ ಬರಿಗೈಯಲ್ಲಿ ಹತ್ತಿಸಲಾಗುತ್ತದೆಯೇ? ಗುಂಡಿನ ಮಳೆ ಸುರಿಸಿದೆ. ಹಲ್ಲಿನಲ್ಲಿ ಹಗ್ಗ ಕಚ್ಚಿಸಿದೆ. ತುದಿಯಲ್ಲಿ ಸಾಯುತ್ತಿರುವ ನಂಜೇಗೌಡನ ತಲೆಯನ್ನು ನಿನ್ನ ತೊಡೆಯ ಮೇಲಿಟ್ಟು, “ಸಿದ್ದಣ್ಣ, ನನ್ನ ಹೆಂಡತಿಗೆ ಹೇಳು, ನನಗಾಗಿ ಒಂದು ಹನಿ ಕಣ್ಣೀರೂ ಹಾಕಬಾರದು” ಎಂದು ಅವನ ಬಾಯಲ್ಲಿ ಹೇಳಿಸಿದೆ. ಬರೆದದ್ದನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ನನ್ನ ಬರಹಕ್ಕೆ ನಾನೇ ಮರುಳಾದೆನೆಂದರೆ ಅಲ್ಲೇ ಎಚ್ಚರವಾಗಬೇಕಿತ್ತು, ಆದರೆ…

ಚನ್ನರಾಯಪಟ್ಟಣದಲ್ಲಿ ನಿನಗೆ ಸನ್ಮಾನವಾದ ದಿನ ನೀನು ಪೇಟ, ಶಾಲು, ಹಣ್ಣಿನ ತಟ್ಟೆಯ ನಡುವೆ ವರಪೂಜೆಗೆ ಕೂತ ಮುದಿಗಂಡಿನಂತಿದ್ದೆ. ಹೇಗಿದೆ ಮಾವ ಲೇಖನ ಎಂದು ಹಲ್ಲುಕಿರಿದೆ. “ಚೆನ್ನಾಗ್ ಬರ್ದಿದೀಯ. ಸಿನಿಮಾ ಇದ್ದಂಗದೆ” ಎಂದೆ ನೀನು. ನಾನು ಅದನ್ನು ಹೊಗಳಿಕೆಯೆಂದು ತಿಳಿದು ವಾರವಿಡೀ ಬೀಗಿದೆನಲ್ಲ, ನನ್ನಂಥ ಹಾಸ್ಯಗಾರ ಉಂಟೇ?

ಆಮೇಲೆ ಒಂದು ದಿನ ನಂಜೇಗೌಡನ ಹೆಂಡತಿ ಕೆಂಪಮ್ಮ ಆ ಪತ್ರಿಕೆಯನ್ನು ಸೆರಗಿನೊಳಗಿಟ್ಟುಕೊಂಡು, ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ, ನಿನ್ನನ್ನು ಹುಡುಕಿಕೊಂಡು ಬಂದರಂತೆ. ನಾನಲ್ಲಿರಲಿಲ್ಲ. ಅತ್ತೆ ಕಾಫಿ ತರುವಷ್ಟರಲ್ಲಿ ಅವರು ಏನೂ ಹೇಳದೆ ಎದ್ದು ಹೋಗಿದ್ದರಂತೆ. “ನೋವು ಮಾಡ್ಬುಟ್ಟೆ ಕಣೆ ಆಯಮ್ಮಂಗೆ” ಎಂದು ನೀನು ಕೊನೆಯವರೆಗೂ ಕೊರಗಿದ್ದನ್ನು ಅತ್ತೆ ನಿನ್ನ ತಿಥಿಯ ದಿನ ಹೇಳಿದಳು. ಏನು ಹೇಳಿದ್ದೆ ಎಂದು ಮಾತ್ರ ಅವಳಿಗೂ ತಿಳಿಯದು.

ಹೋದ ತಿಂಗಳು ಅರಕಲಗೂಡಿಗೆ ಹೋಗಿದ್ದೆ. ನನ್ನ ಲೇಖನಗಳ ಪುಸ್ತಕ ಬರುತ್ತಿದೆ, ನಂಜೇಗೌಡನ ಫೋಟೋ ಬೇಕಿತ್ತು. ನಾನು ಲೇಖನದ ಹೆಸರೆತ್ತಿದ ಕೂಡಲೇ ಕೆಂಪಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅದು ಬರ್ದೋರು ನೀವೇಯಾ?” ಎಂದರು. ಆ ನೋಟದಲ್ಲಿ ಸನ್ಮಾನದ ಸುಳಿವೇ ಇರಲಿಲ್ಲ.

“ನಾನು ಕಣ್ಣೀರಾಕ್ಬಾರ್ದು ಅಂದ್ರಂತೆ, ದಿಟವಾ ಅಂತ ಕೇಳಕ್ಕೇ ಓಗಿದ್ದೆ ಕಣಪ್ಪ” ಎಂದು ಶುರುಮಾಡಿದರು. “ನಿಮ್ಮಾವ ಏಳ್ಬುಟ್ರು: ‘ನಂಜ ಅಂಗೇನೂ ಅನ್ನಲಿಲ್ಲ ತಾಯಿ. ಅಂದಿದ್ರೂ ನಂಗೆ ಕೇಳ್ತಿರ್ನಿಲ್ಲ. ನಾನು ಗುಡ್ಡವೇ ಅತ್ನಿಲ್ಲ. ರೇಷನ್ ಒರೋ ಏಸರಗತ್ತೆ ಇಡ್ಕಂಡು ಕೆಳಗೆ ನಿಂತಿದ್ದೆ. ಅವ್ನು ಬರ್ನಿಲ್ಲ ಅಂತ ಗೊತ್ತಾದ್ಮೇಲೆ ಆ ಕತ್ತೆ ಕುತ್ಗೆ ತಬ್ಕಂಡು ಕಣ್ಣೀರಾಕ್ದೆ. ಅದ್ನೇ ಏಳಿದ್ದು, ನಮ್ ಐದ ನನ್ನ ಗುಡ್ಡ ಅತ್ತುಸ್ಬುಟ್ಟ’ ಅಂದ್ರು.”

ನಿನ್ನ ‘ಅತ್ತಿದ್ದೆ’ಗೆ ಹಕಾರವೇ ಬೇಕಿರಲಿಲ್ಲ ಮಾವ. ಹಾಗಾದರೆ ತಿದ್ದಿಸಲಿಲ್ಲ ಯಾಕೆ ಎಂದೆ.

“ನಾನೂ ಕೇಳ್ದೆ. ಐದ ಓದಿರೋನು, ನಾಲ್ಕ್ ಜನದ ಮುಂದೆ ಅವಮಾನ ಆಯ್ತದೆ ಅಂದ್ರು.”

ಮಾವ, ಸುದ್ದಿ ಇದು, ನೀನು ಕೇಳದೇ ಹೋದದ್ದು. ಆಯಮ್ಮ ಅವತ್ತು ನೊಂದು ಎದ್ದುಹೋದದ್ದಲ್ಲ. “ಅವ್ರು ಓದಾಗ ಎಲ್ರೂ ಬಂದು ವೀರ ವೀರ ಅಂತ ಆರ ಆಕುದ್ರು. ಅಳೋದೂ ತಪ್ಪೇನೋ ಅಂತ ನಾನು ಸೆರಗು ಕಚ್ಕಂಡಿದ್ದೆ. ಅಲ್ಲಿ ಅವ್ರಿಗೋಸ್ಕರ ಒಬ್ರಾದ್ರೂ ಕಣ್ಣೀರಾಕುದ್ರಲ್ಲ, ಅದು ಅವತ್ತೇ ಗೊತ್ತಾಗಿದ್ದು. ಮಾತೇ ಬರ್ನಿಲ್ಲ ಕಣಪ್ಪ. ಬಸ್ಸಲ್ಲಿ ಊರು ಮುಟ್ಟೋಗಂಟ ಅತ್ಕಂಡು ಬಂದೆ. ಜೀವ ಅಗುರಾಯ್ತು” ಎಂದರು.

ಲೇಖನ ಪುಸ್ತಕಕ್ಕೆ ಹೋಗುತ್ತದೆ, ಹಗ್ಗ ಇಲ್ಲದೆ, ಗುಂಡಿನ ಮಳೆ ಇಲ್ಲದೆ, ನೀನು ಹೇಳಿದ ಮೂರು ಮಾತು ಮತ್ತು ಒಂದು ಹೇಸರಗತ್ತೆಯೊಂದಿಗೆ. ಸಂಪಾದಕರು ಓದಿ “ಇದರಲ್ಲಿ ಯುದ್ಧವೇ ಇಲ್ಲವಲ್ಲ ಸಾರ್” ಎಂದಿದ್ದಾರೆ. ಇರಲಿ.

ಹೊರಡುವಾಗ ಕೆಂಪಮ್ಮ ಬಾಗಿಲವರೆಗೆ ಬಂದರು. ಮಹಾಲಯ ಅಮಾವಾಸ್ಯೆಗೆ ಗಂಡನಿಗೆ ಎಡೆ ಇಡುವಾಗ ಈ ವರ್ಷದಿಂದ ಪಕ್ಕದಲ್ಲೇ ನಿನಗೂ ಒಂದು ಎಡೆ ಇಡುತ್ತಾರಂತೆ. “ನಿಮ್ಮಾವಂಗೆ ಏನಿಷ್ಟ?” ಎಂದು ಕೇಳಿದರು. ನಾಲಿಗೆ ತುದಿಗೆ ಏನೇನೋ ಬಂತು ಮಾವ, ಒಂದಕ್ಕಿಂತ ಒಂದು ಸೊಗಸಾದದ್ದು. ನುಂಗಿಕೊಂಡು, “ಗೊತ್ತಿಲ್ಲಮ್ಮ, ವಿಚಾರಿಸಿ ಹೇಳ್ತೀನಿ” ಎಂದೆ. ಅತ್ತೆ ಹುರುಳಿಕಾಳಿನ ಬಸ್ಸಾರು ಅನ್ನುತ್ತಾಳೆ. ನಿನ್ನ ಮಗಳು ಕಜ್ಜಾಯ ಅನ್ನುತ್ತಾಳೆ. ಇಬ್ಬರ ಮೇಲೂ ನನಗೆ ಅನುಮಾನವಿದೆ. ಅದಕ್ಕೇ ಎರಡನ್ನೂ, ಯಾರು ಯಾವುದನ್ನು ಹೇಳಿದರೆಂಬುದರ ಸಮೇತ, ಕೆಂಪಮ್ಮನಿಗೆ ಬರೆದು ತಿಳಿಸಿದ್ದೇನೆ. ಎರಡನ್ನೂ ಮಾಡುತ್ತಾರಂತೆ. ಹೋಗಿ ನಂಜೇಗೌಡನ ಪಕ್ಕ ಕೂತು ಊಟ ಮಾಡು.