ಬೇವಿನ ಕೆಳಗಿನ ಮಳೆಮಾಪಕ

ಅಥಣಿ ಮಡ್ಡಿ
12 ಮೇ 2025

ಪ್ರಿಯ ಸತ್ತೆಪ್ಪ,

ಉಗಾರದಲ್ಲಿ ನೀನು, ಸತ್ತೆವ್ವ, ಮಗಳು ನೀಲಮ ಆರಾಮ ಇದ್ದೀರೆಂದು ನಂಬಿದ್ದೇನೆ. ದೀಪಾವಳಿಗೇ ಬರೆಯಬೇಕಿದ್ದ ಕಾಗದ ಇದು, ಆರು ತಿಂಗಳು ತಡವಾಯಿತು. ಫೋನು ಮಾಡಬಹುದಿತ್ತು. ಆದರೆ ನಾನು ಬಾಯಿ ತೆರೆಯುವ ಮೊದಲೇ ನೀನು "ಇರ್ಲಿ ಬಿಡೋ ಭೂಪಾಲ" ಅನ್ನುತ್ತೀ, ನಾನೂ ಬಿಟ್ಟುಬಿಡುತ್ತೇನೆ.

ಇವತ್ತು ಮುಂಜಾನೆ ಮಾಳಸಿದ್ದ ಚಹಾಕ್ಕೆ ಬಂದಿದ್ದ. "ಸತ್ತೆಪ್ಪ ಐದೆಕರೆ ಹೊಲಾ ಹತ್ತ ವರ್ಷಕ್ಕ ಲಾವಣಿ ಕೊಡಾಕತ್ತಾನ. ಬರೂ ಸೋಮವಾರ ಸಹಿ. ಒಂದ ಬೆಳಿಗೆ ಊರಿಗೆ ಯಾಕ ಬರ್ಲಿ ಅಂತಾನ" ಅಂದ. ಸತ್ತೆಪ್ಪ, ಆ ಗುತ್ತಿಗೆ ಪತ್ರಕ್ಕೆ ಸಹಿ ಮಾಡಬೇಡ. ಮೊದಲು ಇದನ್ನು ಓದು.

ನಮ್ಮ ಅಂಗಳದ ಮಳೆಮಾಪಕವನ್ನು ಇಪ್ಪತ್ತೆರಡು ವರ್ಷ, ಮುಂಜಾನೆ ಎಂಟೂವರೆಗೆ, ತಪ್ಪದೆ ನೋಡಿ ಬರೆದಿಟ್ಟವನು ನಾನು. ಆ ಪುಸ್ತಕ ಹಿಡಿದೇ ಐದು ವರ್ಷದ ಹಿಂದೆ ಊರಿಗೆ ಬುದ್ಧಿ ಹೇಳಿದೆ: ಜೂನ್ ಮಳೆ ನಂಬಿ ಹೆಸರು ಬಿತ್ತಬೇಡಿ, ಜುಲೈಯಲ್ಲಿ ಮಳೆ ಕೈಕೊಟ್ಟು ಹೂವಿನಲ್ಲೇ ಒಣಗುತ್ತದೆ, ಹೊಲ ಖಾಲಿ ಬಿಟ್ಟು ಹಿಂಗಾರಿ ಜೋಳಕ್ಕೆ ನೆಲದ ಹಸಿ ಉಳಿಸಿ. ನೀನು ಹಾಗೇ ಮಾಡಿದೆ. ಒಂದೇ ಬೆಳೆಯಲ್ಲಿ ಮನೆ ನಡೆಯದೆ, ಎರಡು ವರ್ಷದ ಹಿಂದೆ ಉಗಾರಕ್ಕೆ ಕಬ್ಬು ಸಾಗಿಸಲು ಹೋದೆ. ನನ್ನ ಮಾತಿಗೆ ಸೊಪ್ಪು ಹಾಕದ ಮಾಳಸಿದ್ದ ಮಾತ್ರ ಬಿತ್ತಿದ, ಬೆಳೆದ. ಅವನ ದೈವ ದೊಡ್ಡದು ಅಂದೆವು.

ಕಳೆದ ಜೂನ್‌ನಲ್ಲಿ ಕೃಷಿ ಓದುವ ಕೋಮಲ ಎಂಬ ಹುಡುಗಿ ಬಂದಳು. ಮಾಪಕ ನೋಡಿದಳು, ತಲೆ ಎತ್ತಿ ಬೇವಿನ ಮರ ನೋಡಿದಳು.

"ಕಾಕಾ, ನೀವು ಮಳಿ ಅಳೀತೀರೋ, ಗಿಡಾ ಬಿಟ್ಟ ಉಳದದ್ದು ಅಳೀತೀರೋ?"

"ನೀ ಹುಟ್ಟೂದಕ್ಕಿಂತ ಮೊದಲಿಂದ ಅಳ್ಯಾಕತ್ತೀನಿ ಬೇ" ಅಂದೆ. ಸಿಟ್ಟು ಬಂದಿತ್ತು.

ಅವಳು ನಿನ್ನ ಖಾಲಿ ಹೊಲದ ಬಯಲಿನಲ್ಲಿ ಇನ್ನೊಂದು ಮಾಪಕ ನೆಟ್ಟಳು. ಜುಲೈ ಮುಗಿದಾಗ ನನ್ನದರಲ್ಲಿ ಮೂವತ್ತೊಂದು ಮಿಲಿಮೀಟರ್, ಅವಳದರಲ್ಲಿ ಅರವತ್ತೆಂಟು. ಸಣ್ಣ ಜಿಟಿಜಿಟಿ ಮಳೆಯನ್ನೆಲ್ಲ ಬೇವಿನ ಎಲೆಯೇ ಹಿಡಿದಿಟ್ಟಿತ್ತು. ಹೆಸರು ಜೀವ ಹಿಡಿಯುವುದೇ ಆ ಸಣ್ಣ ಮಳೆಯಲ್ಲಿ. ಹಳೆಯ ಪುಸ್ತಕ ತೆಗೆದು ಇಬ್ಬರೂ ನೋಡಿದೆವು. ಗಿಡ ಮಾಪಕದ ಕಡೆ ಟೊಂಗೆ ಚಾಚಿದ ವರ್ಷದಿಂದಲೇ ಜುಲೈ ಬಡವಾಗಿದೆ. ನನಗೆ ಅವಳ ಮುಖ ನೋಡಲಾಗಲಿಲ್ಲ.

ದೀಪಾವಳಿಗೆ ಊರಿನವರನ್ನು ಕಟ್ಟೆಗೆ ಕರೆದು, ಲೆಕ್ಕ ತಪ್ಪಿದೆ ಅಂತ ಹೇಳಿದೆ. ನಕ್ಕರು, ಬೈದರು, ಮನೆಗೆ ಹೋದರು. ಮೊದಲು ನಿನಗೆ ಹೇಳಬೇಕಿತ್ತು. ನನ್ನ ಮಾತಿಗೆ ಹೊಲ ಬಿಟ್ಟು ಊರು ದಾಟಿದವನು ನೀನೊಬ್ಬನೇ.

ಈಗ ಹೀಗೆ ಮಾಡೋಣ. ಮೊದಲ ಹದ ಮಳೆ ಜೂನ್ ಒಳಗೆ ಆದರೆ ಹೆಸರು ಬಿತ್ತು. ಎಪ್ಪತ್ತು ದಿನಕ್ಕೆ ಕೈಗೆ ಬರುತ್ತದೆ, ಅದೇ ಹೊಲದಲ್ಲಿ ಜೋಳ. ಮಳೆ ತಡವಾದರೆ ಮಾತ್ರ ಹೆಸರು ಬಿಡು. ತಾರಾಬಾಯಿ ಒಳಗಿನಿಂದ ಕೂಗುತ್ತಿದ್ದಾಳೆ: "ಬೀಜಾ ತೆಗದಿಟ್ಟೀನಿ ಅಂತ ಬರೀರಿ, ಸುಮ್ಮ ಪುರಾಣಾ ಬರೀಬ್ಯಾಡ್ರಿ."

ಸತ್ತೆವ್ವನಿಗೆ ನಮ್ಮಿಬ್ಬರ ನಮಸ್ಕಾರ. ನೀಲಮ ಚೆನ್ನಾಗಿ ಓದಲಿ, ಅವಳ ಹಾದಿ ತಂಪಾಗಿರಲಿ.

ನಿನ್ನ
ಭೂಪಾಲ

ತಾ.ಕ.: ಕೋಮಲ ಹೇಳುವ ಮೊದಲೇ ನನಗೆ ಗೊತ್ತಿತ್ತು. ನೀನು ಊರು ಬಿಡುವ ಹಿಂದಿನ ವರ್ಷವೇ ಟೊಂಗೆ ಎಂದೋ ಮಾಪಕದ ಮೇಲೆ ಚಾಚಿಕೊಂಡಿದ್ದನ್ನು ಕಂಡಿದ್ದೆ. ಕಡಿದಿದ್ದರೆ ಲೆಕ್ಕ ತಪ್ಪಿದ್ದು ನಿನಗೂ ತಿಳಿಯುತ್ತಿತ್ತು. ದಿನಾ ಮುಂಜಾನೆ ಬಾಗಿಲಲ್ಲಿ ನಿಂತು "ಎಷ್ಟ ಆತೋ ಇವತ್ತ?" ಅಂತ ನೀನು ಕೇಳುತ್ತಿದ್ದೆಯಲ್ಲ, ಅದು ನಿಂತುಹೋದೀತೆಂದು ಸುಮ್ಮನಿದ್ದೆ. ಆಮೇಲೆ ನೀನು ಊರೇ ಬಿಟ್ಟೆ. ಈಗ ಯಾರೂ ಕೇಳುವುದಿಲ್ಲ.