ಹನ್ನೆರಡಕ್ಕೆ ಐದು ಕಡಿಮೆ

ಮಾರ್ಚ್ 3, ಬೆಳಿಗ್ಗೆ 7
ಎರಡನೇ ಕಾಫಿ. ಮತ್ತೆ ಅದೇ ಕರಿ ಶೂ, ಹಿಮ್ಮಡಿ ಕಚ್ಚುತ್ತದೆ. ಇಪ್ಪತ್ತೆರಡು ವರ್ಷ ನೆಲದ ಮೇಲೆ ಕೂತು, ಪುಟ್ಟ ಮಕ್ಕಳು ಮಾತು ಕಲಿಯುವುದನ್ನು ಬರೆದುಕೊಂಡವಳು. ಈಗ ತಿರುಗುವ ಕುರ್ಚಿ... ಶಿಶು ಶಿಕ್ಷಣ ಮಂತ್ರಿ! ನಮ್ಮ ಬುಡಕಟ್ಟಿನವರು ಇಲ್ಲಿಯವರೆಗೆ ಈ ಸಚಿವಾಲಯಕ್ಕೆ ಬಂದದ್ದು ನೆಲ ಒರೆಸಲು ಮಾತ್ರ.
ದೊಡ್ಡಮ್ಮನ ಫೋನ್. "ಮಂತ್ರಿ ಆದ್ಯಂತೆ. ತಿಂಡಿ ತಿಂದ್ಯಾ?" ನನ್ನ ಜೊತೆ ಅವಳು ನಮ್ಮ ಮಾತು ಬಿಟ್ಟು ಬೇರೆ ಭಾಷೆ ಆಡಿದ್ದೇ ಇಲ್ಲ. ಬೈಯುವಾಗಲೂ.

ಮಾರ್ಚ್ 11
ಮೊದಲ ದೊಡ್ಡ ಫೈಲ್. ಬುಡಕಟ್ಟು ಮಾತು ಕಲಿಸುವ ಶಿಶುಮನೆಗಳಲ್ಲಿ ಹನ್ನೆರಡಕ್ಕಿಂತ ಕಡಿಮೆ ಮಕ್ಕಳಿರುವವನ್ನು ಮುಚ್ಚುವುದು. ಒಟ್ಟು ನಾಲ್ಕು. ಮೂರನೆಯದು ದೊಡ್ಡಮ್ಮ ನಡೆಸುವುದು. ಅಲ್ಲಿ ಏಳು ಮಕ್ಕಳು. ನಮ್ಮ ಮಾತು ಕಲಿಯುತ್ತಿರುವ ಮಕ್ಕಳು ಲೋಕದಲ್ಲಿರುವುದೇ ಆ ಏಳು.
ಈ ಹನ್ನೆರಡು ಎಲ್ಲಿಂದ ಬಂತು ಎಂದೆ. ಕಾರ್ಯದರ್ಶಿ ನನ್ನದೇ ಹಳೆಯ ವರದಿ ತೆರೆದು ಬೆರಳಿಟ್ಟರು. 'ಹನ್ನೆರಡಕ್ಕಿಂತ ಕಡಿಮೆ ಮಕ್ಕಳಿದ್ದರೆ ಭಾಷೆ ನಿಲ್ಲದು.' ಮುಂದಿನ ಸಾಲೂ ನನ್ನದೇ — ಆದ್ದರಿಂದ ದೂರದ ಹಟ್ಟಿಗಳ ಮಕ್ಕಳನ್ನು ಕರೆತರಲು ವ್ಯಾನ್ ಕೊಡಿ.
"ವ್ಯಾನ್ ಮಂಜೂರಾಗಿದೆ ಮೇಡಂ. ಮುಚ್ಚಿದ ಮೇಲೆ ಆ ಏಳು ಮಕ್ಕಳನ್ನ ಪೇಟೆ ಸ್ಕೂಲಿಗೆ ಬಿಡೋಕೆ."
ಹನ್ನೆರಡು ಯಾವ ಸಂಶೋಧನೆಯದೂ ಅಲ್ಲ. ವ್ಯಾನಿನಲ್ಲಿ ಹನ್ನೆರಡು ಸೀಟು. ಅದಕ್ಕೇ ಹನ್ನೆರಡು ಎಂದು ಬರೆದದ್ದು. ಫೈಲ್ ಮುಚ್ಚಿ ಪಕ್ಕಕ್ಕಿಟ್ಟೆ.

ಮಾರ್ಚ್ 12
ದೊಡ್ಡಮ್ಮನಿಗೆ ಹೇಳಿದೆ. ನಕ್ಕಳು. "ಐದು ಕಮ್ಮಿನಾ? ನಿನ್ನ ಹೆಸರೂ ಹಾಜರಿ ಪುಸ್ತಕಕ್ಕೆ ಹಾಕ್ತೀನಿ. ಗೊಣ್ಣೆಪುಟ್ಟಿ ಅಂತ. ನಿನಗಿನ್ನೂ ಮೂಗು ಒರೆಸ್ಕೊಳ್ಳೋಕೆ ಬರಲ್ಲ."
ನೀನು ಇದ್ದೀಯಲ್ಲ, ಬಿಡು ಎಂದಳು.

ಮಾರ್ಚ್ 17
ದೂರದ ಹಟ್ಟಿಗಳಿಗೆ ಫೋನ್ ಮಾಡಿದೆ. ಒಂಬತ್ತು ಮನೆ. ಒಂದು ಮಗುವೂ ಸಿಗಲಿಲ್ಲ. ಒಬ್ಬ ತಾಯಿ ಪಾಪ, ಮೆತ್ತಗೆ ಹೇಳಿದಳು — "ನಮ್ಮ ಮಗು ಸರ್ಕಾರದ ಭಾಷೆ ಕಲೀಲಿ ಅಕ್ಕಾ. ನೀವೂ ಅದರಿಂದ್ಲೇ ಅಲ್ವಾ ಮೇಲೆ ಬಂದಿದ್ದು?"
ಪಟ್ಟಿಯಲ್ಲಿ ಅವಳ ಹೆಸರಿಗೂ ಗೆರೆ ಎಳೆದೆ.

ಮಾರ್ಚ್ 24, ಮಧ್ಯಾಹ್ನ
ಕಾರ್ಯದರ್ಶಿಗೆ ಹೇಳಿಬಿಟ್ಟೆ, ಸೀಟಿನ ವಿಷಯ. ಅವರು ಎದ್ದು ಬಾಗಿಲು ಹಾಕಿದರು.
"ಇದು ಹೊರಗೆ ಹೋದ್ರೆ ವರದೀನೇ ಸುಳ್ಳು ಅಂತಾರೆ ಮೇಡಂ. ಬೇರೆ ಬುಡಕಟ್ಟುಗಳ ಒಂಬತ್ತು ಶಿಶುಮನೆ ಆ ವರದಿ ಮೇಲೇ ನಡೀತಿವೆ. ಅವೂ ಹೋಗ್ತವೆ."
ಒಳ್ಳೆಯ ಮನುಷ್ಯ. ಹೇಳಿದ್ದೂ ಸರಿ. ಅದೇ ಸಂಕಟ.

ಏಪ್ರಿಲ್ 2
ಸಹಿ ಹಾಕಿದೆ.

ಏಪ್ರಿಲ್ 9, ಬೆಳಿಗ್ಗೆ 10
ಶಿಶುಮನೆಗೆ ಬಂದಿದ್ದೇನೆ. ಮಕ್ಕಳು ಆಗಲೇ ವ್ಯಾನ್ ಹತ್ತಿ ಹೋದರು. ಐದು ಸೀಟು ಖಾಲಿ.
ದೊಡ್ಡಮ್ಮ ಬಾಗಿಲಲ್ಲಿದ್ದಳು. ಸರ್ಕಾರದ ಭಾಷೆಯಲ್ಲಿ ಹೇಳಿದಳು — "ಬನ್ನಿ ಮೇಡಂ. ಕೂತ್ಕೊಳ್ಳಿ."
"ದೊಡ್ಡಮ್ಮಾ, ನಾನು ಕಣೇ," ಅಂದೆ, ನಮ್ಮ ಮಾತಿನಲ್ಲಿ.
"ಇದು ನಿಮ್ಮ ಆಫೀಸಿಗೆ." ಹಾಜರಿ ಪುಸ್ತಕ ಕೈಗಿಟ್ಟು ಒಳಗೆ ಹೋದಳು. ಪಾತ್ರೆ ತೊಳೆಯುವ ಸದ್ದು.
ಮಕ್ಕಳ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮೊಣಕಾಲು ಎದೆಗೆ ಬರುತ್ತಿದೆ. ಪುಸ್ತಕದಲ್ಲಿ ಏಳು ಹೆಸರು. ಎಂಟನೆಯದು, ಅವಳ ಸೊಟ್ಟ ಅಕ್ಷರದಲ್ಲಿ — ಗೊಣ್ಣೆಪುಟ್ಟಿ. ತಮಾಷೆ ಮಾಡಿದ್ದಲ್ಲ ಹಾಗಾದರೆ. ಮಾರ್ಚ್ ಹನ್ನೆರಡರಿಂದ ನಿನ್ನೆಯವರೆಗೆ, ದಿನವೂ ತಪ್ಪದೆ, ಗೈರುಹಾಜರಿ. ಇವತ್ತಿನ ಚೌಕ ಖಾಲಿ ಬಿಟ್ಟಿದ್ದಾಳೆ. ಕೂಗಿ ಕೇಳೋಣವೆಂದರೆ, ಯಾವ ಭಾಷೆಯಲ್ಲಿ ಉತ್ತರ ಕೊಡುತ್ತಾಳೋ ಎಂದು ಹೆದರಿಕೆ... ನಾನೇ ಇವತ್ತು ಹಾಜರಿ ಎಂದು ಬರೆದುಕೊಳ್ಳಲೇ?