ಅಬ್ಬಾ ತಟ್ಟದ ಮರ

ತುಮಕೂರು

ಫೈಜಲ್ ಭಾಯಿಗೆ ಸಲಾಂ.

ಮಂಗಳೂರು ಬಂದರಿನಿಂದ ನೀನು ಕಳಿಸಿದ ಮಲೇಷ್ಯಾ ದಿಮ್ಮಿಯನ್ನು ಬೆಳಿಗ್ಗೆ ನಮ್ಮ ಮಿಲ್ಲಿನಲ್ಲಿ ಕೊಯ್ಯಿಸಿದೆ. ಒಳಗೆ ಪೊಟರೆಯಿತ್ತು, ಅದರ ಬಾಯಿಗೆ ಮಣ್ಣು ಮೆತ್ತಿತ್ತು. ಮರಿ ಬೆಳೆಯುವ ತನಕ ಮಂಗಟ್ಟೆ ಹಕ್ಕಿ ಹಾಗೆ ಬಾಗಿಲು ಮುಚ್ಚಿಕೊಂಡೇ ಕೂರುತ್ತದಂತೆ. ತಾಯಿಯ ಕೊಕ್ಕು, ಮರಿಯ ಮೂಳೆ ಎರಡೂ ಸಿಕ್ಕವು.

ಗುಬ್ಬಿ ತಾಲ್ಲೂಕಿನ ಕಡೆ ಒಂದು ಹುಣಸೆಮರ ಕೊಂಡರೂ ಅಬ್ಬಾ ಕಡಿಸುವ ಮುಂಚೆ ಕೊಡಲಿಯ ಹಿಂಬದಿಯಿಂದ ತಟ್ಟುತ್ತಿದ್ದರು. ಹಕ್ಕಿ ಹಾರಿದರೆ ಆ ಮರ ಬಿಟ್ಟು ಬರುತ್ತಿದ್ದರು. ಹಡಗಿನಲ್ಲಿ ಬರುವ ಮರಕ್ಕೆ ತಟ್ಟುವವರು ಯಾರು?

ಹುಲಿಯೂರುದುರ್ಗದ ರವೀಶ್ ತಮ್ಮ ಹೊಸ ಮನೆಯ ಬಾಗಿಲಿಗೆ ಕಾಯುತ್ತಿದ್ದಾರೆ. ಈ ಮರದಲ್ಲಿ ನಾನು ಮಾಡಿಕೊಡುವುದಿಲ್ಲ. ಬೇವು ಹುಡುಕುತ್ತೇನೆ, ಬೈದರೆ ಬೈಯಲಿ. ಮುಂದಿನ ಹಡಗಿನ ಆರ್ಡರ್ ನೀನು ಇವತ್ತೇ ನಿಲ್ಲಿಸು.

"ಕಡಿದೋರು ಅವ್ರು ಕಣೇ, ನಾವ್ ಬರೀ ತಗೊಂಡೋರು. ಸುಮ್ನೆ ಕೆಲ್ಸ ಮುಗ್ಸು" ಅಂತ ಫೋನಿನಲ್ಲಿ ಅಂದೆಯಲ್ಲ, ಆಮೇಲೆ ದಿಮ್ಮಿಯ ತುದಿ ಒರೆಸಿ ನೋಡಿದೆ. ಯಾರಿಗಾಗಿ ಕಡಿದದ್ದು ಎಂದು ಅವರು ಅಲ್ಲೇ ಕೆಂಪು ಬಣ್ಣದಲ್ಲಿ ಬರೆದಿದ್ದಾರೆ. ನಮ್ಮ ಅಂಗಡಿಯ ಹೆಸರು. ಅಂದರೆ ಅಬ್ಬಾನ ಹೆಸರು.

ಆರ್ಡರ್ ನಿಲ್ಲಿಸಿದ ಮೇಲೆ ಫೋನ್ ಮಾಡು. ಅಲ್ಲಿಯವರೆಗೆ ಬೇಡ.

ನಿನ್ನ ತಂಗಿ
ಅಸ್ಫಿಯಾ